ಹೈಸ್ಕೂಲ್ ಕುಸ್ತಿ ಹುಡುಗನ ಸಿನಿಮಾ: ಅಖಾಡ, ತೂಕ, ಕ್ಲೈಮ್ಯಾಕ್ಸ್ ಸರಿ ಇದೆಯಾ?

ಶಿರಾ_ರೀಲು:
25 ನಿಮಿಷದ ಕಿರುಚಿತ್ರ. ಶಿರಾ ಕಡೆಯ ಸರ್ಕಾರಿ ಹೈಸ್ಕೂಲು, ಹತ್ತನೇ ಕ್ಲಾಸಿನ ಹುಡುಗ. ಊರ ಗರಡಿಮನೆ ಮಣ್ಣಲ್ಲಿ ಕಲಿತವನು ತುಮಕೂರಿನ ಜಿಲ್ಲಾ ಕೂಟದಲ್ಲಿ ಮೊದಲ ಸಲ ಮ್ಯಾಟ್ ಮೇಲೆ ನಿಲ್ತಾನೆ. ಸ್ಕ್ರಿಪ್ಟಲ್ಲಿ ಫೈನಲ್ ಮೂರು ರೌಂಡು, ಕೊನೆಗೆ ಸ್ಕೋರ್ ಸಮ, ಆಮೇಲೆ ಎಕ್ಸ್‌ಟ್ರಾ ಟೈಮಲ್ಲಿ ಗೆಲುವು. ಕೆಳಗಿನ ತೂಕದ ವಿಭಾಗದಲ್ಲಿ ಆಡೋಕೆ ಹಿಂದಿನ ರಾತ್ರಿ ಕಂಬಳಿ ಹೊದ್ದು ಓಡಿ 4 ಕೆಜಿ ಇಳಿಸ್ತಾನೆ. ಗೊತ್ತಿರೋರು ತಪ್ಪು ಹೇಳಿ. ಅಖಾಡ ನಾವೇ ಹಾಕಬೇಕು, ಮಣ್ಣು ಎಷ್ಟು ಬೇಕು ಅಂತಲೂ ತಿಳಿಸಿ.

ವಿಸಲ್‌ಮ್ಯಾನ್:
ಮೂರು ರೌಂಡು ಅಮೆರಿಕದ ಹೈಸ್ಕೂಲ್ ಕುಸ್ತಿಯದು. ಅಲ್ಲಿನ ಪದ್ಧತಿಯೇ ಬೇರೆ, ಕಿವಿಗೆ ಹೆಡ್‌ಗೇರ್ ಕಡ್ಡಾಯ, ಎದುರಾಳಿಯನ್ನು ಅಡಿಯಲ್ಲಿ ಹಿಡಿದಿಟ್ಟುಕೊಳ್ಳೋದಕ್ಕೂ ಬೆಲೆ ಇದೆ. ನಮ್ಮಲ್ಲಿ ನಡೆಯೋದು ಫ್ರೀಸ್ಟೈಲ್, ಅಂದ್ರೆ ಕಾಲನ್ನೂ ಹಿಡಿಯಬಹುದಾದ ಕುಸ್ತಿ. 17ರೊಳಗಿನವರಿಗೆ ಅಂತರರಾಷ್ಟ್ರೀಯ ನಿಯಮದಂತೆ 2 ನಿಮಿಷದ ಎರಡು ಅವಧಿ, ನಡುವೆ 30 ಸೆಕೆಂಡು ಬಿಡುವು. ಎಕ್ಸ್‌ಟ್ರಾ ಟೈಮ್ ಇಲ್ಲವೇ ಇಲ್ಲ.

ಸ್ಕೋರ್ ಸಮ ಆದ್ರೆ ಮೊದಲು ಯಾರು ದೊಡ್ಡ ಬೆಲೆಯ ಪಟ್ಟು ಹಾಕಿದ್ರು ಅಂತ ನೋಡ್ತಾರೆ. ಅದೂ ಸಮ ಆದ್ರೆ ಎಚ್ಚರಿಕೆ ಯಾರಿಗೆ ಕಡಿಮೆ, ಆಮೇಲೆ ಕೊನೇ ಪಾಯಿಂಟ್ ಯಾರದ್ದು. ನಿಮ್ಮ ಕ್ಲೈಮ್ಯಾಕ್ಸ್ ಇಲ್ಲೇ ಕೂತಿದೆ. ಹುಡುಗ ಎರಡು ಸಲ ಕೆಡವಿ 2+2 ತಗೊಂಡ. ಎದುರಾಳಿ ಒಂದೇ ಎಸೆತದಲ್ಲಿ 4. ಬೋರ್ಡಲ್ಲಿ 4-4, ಆದರೆ ನಮ್ಮ ಹುಡುಗ ಸೋಲ್ತಿದಾನೆ, ಊರಿಂದ ಬಂದವರಿಗೆ ಅದು ತಿಳಿಯದೆ ಚಪ್ಪಾಳೆ ಹೊಡೀತಿದಾರೆ. ಉಳಿದಿರೋದು 12 ಸೆಕೆಂಡು. ಎದುರಾಳಿಯ ಒಂದು ಪಾದ ವೃತ್ತದ ಹೊರಗೆ ಬೀಳೋ ಹಾಗೆ ನೂಕಿದ್ರೆ 1 ಪಾಯಿಂಟ್, 5-4. ಎತ್ತಿ ಬಿಸಾಕೋ ಸೀನ್ ಬೇಡವೇ ಬೇಡ.

ಗರಡಿಮಣ್ಣು:
ಅಖಾಡಕ್ಕೆ 12 ಅಡಿ ಚೌಕ, 1 ಅಡಿ ಆಳ ಸಾಕು. ಲೆಕ್ಕಕ್ಕೆ 144 ಘನ ಅಡಿ. ತುಳಿದಾಗ ಕೂರುತ್ತೆ, ಹಾಗಾಗಿ ಟ್ರ್ಯಾಕ್ಟರಿನ ಎರಡು ಲೋಡು ಹೇಳಿ. ಬರೀ ಕೆಮ್ಮಣ್ಣು ಒಣಗಿದ್ರೆ ಇಟ್ಟಿಗೆ ಆಗುತ್ತೆ. ಮೂರು ಪಾಲು ಕೆಮ್ಮಣ್ಣಿಗೆ ಒಂದು ಪಾಲು ನುಣ್ಣನೆ ಮರಳು ಬೆರೆಸಿ. ಎಂ-ಸ್ಯಾಂಡ್ ಮಾತ್ರ ಹಾಕಬೇಡಿ, ಅದರ ಹರಳು ಚೂಪು, ಮೊಣಕೈ ಮೊಣಕಾಲಿನ ಚರ್ಮ ಒಂದೇ ದಿನಕ್ಕೆ ಕಿತ್ತು ಬರುತ್ತೆ. ಎರಡು ಸಲ ಜರಡಿ ಹಿಡೀರಿ, ಗಾಜಿನ ಚೂರು, ಜಾಲಿ ಮುಳ್ಳು ಇರುತ್ತೆ. ಆಮೇಲೆ ಅರಿಶಿನ 2 ಕೆಜಿ, ಎಳ್ಳೆಣ್ಣೆ 5 ಲೀಟರ್, ಮಜ್ಜಿಗೆ 10 ಲೀಟರ್, ಬೇವಿನ ಸೊಪ್ಪು. ಮೇಲೆ ಒಂದಿಷ್ಟು ಕುಂಕುಮ, ಕ್ಯಾಮೆರಾಗೂ ಚೆಂದ.

ರಾತ್ರಿ ನೀರು ಚಿಮುಕಿಸಿ, ಬೆಳಗ್ಗೆ ಗುದ್ದಲಿಯಲ್ಲಿ ಅಗೆದು ಹರವಿ. ಒಂದು ಹಿಡಿ ಮಣ್ಣು ಮುಷ್ಟಿಯಲ್ಲಿ ಒತ್ತಿ ನೋಡಿ: ಉಂಡೆ ನಿಲ್ಲಬೇಕು, ಹೆಬ್ಬೆರಳು ತಾಗಿಸಿದ್ರೆ ಒಡೀಬೇಕು. ಒಡೆಯದೆ ಅಂಟಿಕೊಂಡ್ರೆ ನೀರು ಜಾಸ್ತಿ, ಕಾಲು ಹೂತು ಮಂಡಿ ತಿರುಚುತ್ತೆ. ಉಂಡೆಯೇ ನಿಲ್ಲದಿದ್ರೆ ಧೂಳು ಕಣ್ಣಿಗೆ. ಹುಡುಗರಿಗೆ 10 ಮತ್ತು 16ನೇ ವಯಸ್ಸಿನ ಟಿಡಿ (ಧನುರ್ವಾಯು, ಡಿಫ್ತೀರಿಯಾ ತಡೆಯೋ) ಚುಚ್ಚುಮದ್ದು ಆಗಿದೆಯಾ ಕೇಳಿ, ಆಗಿಲ್ಲ ಅಂದ್ರೆ ಮಣ್ಣಿಗಿಳಿಸೋ ಮುಂಚೆ ಹಾಕಿಸಿ. ಹುಳುಕಡ್ಡಿ ಇರೋನನ್ನ ಅಖಾಡಕ್ಕೆ ಬಿಡಬೇಡಿ, ಎಲ್ಲರಿಗೂ ಹತ್ತುತ್ತೆ.

ಕಥೆಗೊಂದು ಮಾತು. ಮಣ್ಣಲ್ಲಿ ಚಿತ್ ಆದ್ರೆ, ಅಂದ್ರೆ ಬೆನ್ನು ನೆಲಕ್ಕೆ ತಾಗಿದ್ರೆ ಮಾತ್ರ ಸೋಲು. ಬೋರಲು ಬಿದ್ದವನು ಕ್ಷೇಮ, ಬೆನ್ನು ಮೇಲೆ ಮಾಡಿ ಮಲಗಿ ಉಸಿರು ತಗೋತಾನೆ. ಮ್ಯಾಟಲ್ಲಿ ಬೋರಲು ಬಿದ್ದ ಕೂಡಲೇ ಎದುರಾಳಿಗೆ 2. ಅವನು ಸೊಂಟಕ್ಕೆ ಕೈ ಹಾಕಿ ಬಿಗಿದು ನಾಲ್ಕು ಸಲ ಉರುಳಿಸಿದ್ರೆ ಇನ್ನೂ 8. ಹತ್ತು ಪಾಯಿಂಟ್ ಅಂತರ, ಆಟ ಮುಗೀತು, ಅರ್ಧ ನಿಮಿಷವೂ ಬೇಡ. ಗರಡಿ ಹುಡುಗನ ಮೊದಲ ಸೋಲು ಹೀಗೇ ಇರಲಿ. ಅಳುಕಿನಿಂದ ಅಲ್ಲ, ಕಲಿತ ವಿದ್ಯೆಯಿಂದಲೇ ಸೋಲಬೇಕು.

ತಕ್ಕಡಿ:
4 ಕೆಜಿ ಇಳಿಸೋ ಸೀನನ್ನ ದಯವಿಟ್ಟು ಸಾಹಸ ಅಂತ ತೋರಿಸಬೇಡಿ. 1997ರಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೇ ಬೆವರು ಬಸಿದು ತೂಕ ಇಳಿಸೋಕೆ ಹೋಗಿ ಸತ್ತರು, ಆಮೇಲೆ ಅಲ್ಲಿ ನಿಯಮ ಬಿಗಿಯಾಯಿತು. 50 ಕೆಜಿ ಹುಡುಗನಿಗೆ 4 ಕೆಜಿ ಅಂದ್ರೆ ಮೈಯ ಶೇ 8, ಬರೀ ನೀರು. ಗಂಟಲು ಒಣಗಿ, ಸ್ನಾಯು ಹಿಡಿದು, ಮರುದಿನ ಹಿಡಿತವೇ ಕೂರಲ್ಲ. ತೂಕ ನೋಡೋದು ಸ್ಪರ್ಧೆಯ ಬೆಳಗ್ಗೆ, ಚೇತರಿಸಿಕೊಳ್ಳೋಕೆ ಸಮಯವೂ ಸಿಗಲ್ಲ. ಅಷ್ಟು ಮಾಡಿಯೂ ತಕ್ಕಡಿ ಕೇಳಲ್ಲ: 2024ರ ಪ್ಯಾರಿಸ್ ಒಲಿಂಪಿಕ್ಸಲ್ಲಿ ವಿನೇಶ್ ಫೋಗಟ್ 50 ಕೆಜಿ ಫೈನಲ್ ಕಳಕೊಂಡಿದ್ದು ತೂಕ 100 ಗ್ರಾಂ ಜಾಸ್ತಿ ಬಂದಿದ್ದಕ್ಕೆ.

ಹುಡುಗ ಇಳಿಸೋಕೆ ಒಪ್ಪದೆ ಮೇಲಿನ ತೂಕದಲ್ಲೇ ಆಡಿದ್ರೆ ಕಥೆಗೂ ಬಲ. ಶಾಲಾ ಕೂಟದ ತೂಕದ ಪಟ್ಟಿಗೆ ಆ ವರ್ಷದ ಸುತ್ತೋಲೆ ನೋಡಿ ಬರೀರಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಸೀನ್ ಇದ್ರೆ ತೂಕ ಮುಗಿದ ಮೇಲಿಡಿ, ಪ್ರೇಕ್ಷಕನಿಗೂ ಜೀವ ಬರುತ್ತೆ.

ನೂರುಹರ್ಟ್ಜ್:
ಒಳಾಂಗಣದ ಟ್ಯೂಬ್‌ಲೈಟಲ್ಲಿ ತೆಗೆಯೋದಾದ್ರೆ ಸೆಕೆಂಡಿಗೆ 25 ಫ್ರೇಮಿಗೆ ಶಟರ್ 1/50 ಸೆಕೆಂಡು, ನಿಧಾನಗತಿಗೆ 50 ಫ್ರೇಮು 1/100. 60 ಫ್ರೇಮು 1/120 ಇಟ್ರೆ ಟ್ಯೂಬ್‌ಲೈಟಿನ ಮಿಣುಕಿಗೆ ಹೊಂದದೆ ಗೋಡೆ ಮೇಲೆ ಪಟ್ಟೆ ಓಡುತ್ತೆ, ಎಡಿಟಲ್ಲಿ ಹೋಗಲ್ಲ. ಕ್ಯಾಮೆರಾ ಮಂಡಿಯೂರಿದ ರೆಫ್ರಿಯ ಕಣ್ಣಿನ ಎತ್ತರದಲ್ಲಿರಲಿ. ಮೇಲಿಂದ ತೆಗೆದ್ರೆ ಕುಸ್ತಿ ಚಪ್ಪಟೆ. ಮಣ್ಣಿನ ‘ಧಪ್’, ಮ್ಯಾಟಿನ ‘ಚಟ್’ ಎರಡನ್ನೂ ಬೇರೆಯಾಗಿ ರೆಕಾರ್ಡ್ ಮಾಡಿ.

14ರೊಳಗಿನ ಹುಡುಗರಿದ್ರೆ ಜಿಲ್ಲಾಧಿಕಾರಿ ಅನುಮತಿ ಬೇಕು. ದಿನಕ್ಕೆ 5 ಗಂಟೆ ಮೀರೋ ಹಾಗಿಲ್ಲ, ಬಿಡುವಿಲ್ಲದೆ 3 ಗಂಟೆ ದಾಟೋ ಹಾಗಿಲ್ಲ.

ಶಿರಾ_ರೀಲು:
ಬೋರಲು ಬೀಳೋ ಸೋಲು ಇಟ್ಕೋತೀನಿ, ಕಂಬಳಿ ಸೀನ್ ತೆಗೆದೆ. ಬೋರಲು ಮಲಗೋ ಆ ಅಭ್ಯಾಸ ಬಿಡಿಸೋಕೆ ಕೋಚ್ ಏನು ಮಾಡಿಸ್ತಾರೆ? ನಟನಿಗೂ ಕಲಿಸಬೇಕು.

ವಿಸಲ್‌ಮ್ಯಾನ್:
ಎದುರಾಳಿ ಕಾಲಿಗೆ ನುಗ್ಗಿದಾಗ ಎರಡೂ ಕಾಲು ಹಿಂದಕ್ಕೆ ಎಸೆದು, ಸೊಂಟದ ಭಾರ ಅವನ ಭುಜದ ಮೇಲೆ ಬಿಡೋದು. ಇದನ್ನ 20ರಂತೆ ಐದು ಸಲ. ಬಿದ್ದೇಬಿಟ್ರೆ ಮೊಣಕೈ ಪಕ್ಕೆಗೆ ಒತ್ತಿ, ಸೊಂಟ ಮ್ಯಾಟಿಗೆ ಅಂಟಿಸಿ, ಉರುಳಿಸ್ತಿರೋ ಕಡೆಗೆ ಮಂಡಿ ಅಗಲಿಸೋದು. ನಟನಿಗೆ ಇದಕ್ಕೂ ಮುಂಚೆ ಬೀಳೋದು ಕಲಿಸಿ: ಗದ್ದ ಎದೆಗೆ, ಕೈ ಚಾಚಿ ನೆಲಕ್ಕೆ ಊರಬಾರದು. ಊರಿದ್ರೆ ಮೊಣಕೈ ಕೀಲು ಜಾರುತ್ತೆ, ಶೂಟಿಂಗ್ ಆರು ವಾರ ಮುಂದಕ್ಕೆ.