ಪದಚರ್ಚೆ: ಲ್ಯಾಬ್ ಕಂಪ್ಯೂಟರ್‌ಗಳ ‘ಇಮೇಜ್’, ‘ಡ್ರಿಫ್ಟ್’ಗೆ ಕನ್ನಡದಲ್ಲಿ ಏನನ್ನೋಣ?

ಬಳಗದವರಿಗೆ ನಮಸ್ಕಾರ.

ವಿಶ್ವವಿದ್ಯಾಲಯದ ಲ್ಯಾಬ್ ಸಹಾಯಕರಿಗಾಗಿ ಕನ್ನಡದಲ್ಲೊಂದು ಕೈಪಿಡಿ ಬರೆಯುತ್ತಿದ್ದೇನೆ. ಲ್ಯಾಬಿನ ಅಷ್ಟೂ ಕಂಪ್ಯೂಟರ್‌ಗಳಲ್ಲಿ ಒಂದೇ ತಂತ್ರಾಂಶ, ಒಂದೇ ಆವೃತ್ತಿ ಇರುವಂತೆ ನೋಡಿಕೊಳ್ಳುವುದು ಹೇಗೆ ಎಂಬುದು ಅದರ ವಿಷಯ. ಕೆಲವು ಪದಗಳಿಗೆ ನಿಮ್ಮ ನೆರವು ಬೇಕು.

ಮೊದಲನೆಯದು ‘ಇಮೇಜ್’. ಒಂದು ಯಂತ್ರವನ್ನು ಸಜ್ಜುಮಾಡಿ, ಅದರ ಡಿಸ್ಕನ್ನು ಇಡಿಯಾಗಿ ಕಡತಕ್ಕಿಳಿಸಿ, ಉಳಿದವಕ್ಕೆಲ್ಲ ಅದನ್ನೇ ಹಾಕುತ್ತೇವೆ. ಮಾತಿನಲ್ಲಿ ಇದು ‘ಘೋಸ್ಟ್ ಮಾಡೋದು’. ಘೋಸ್ಟ್ ನ್ಯೂಜಿಲೆಂಡಿನಲ್ಲಿ ಹುಟ್ಟಿ 1998ರಲ್ಲಿ ಸಿಮ್ಯಾಂಟೆಕ್ ಪಾಲಾದ ತಂತ್ರಾಂಶ. ನಾವೀಗ ಬಳಸುವುದು ತೈವಾನಿನ ಕ್ಲೋನ್‌ಜಿಲ್ಲಾ, ಬಾಯಲ್ಲಿ ಮಾತ್ರ ಇಂದಿಗೂ ಘೋಸ್ಟೇ. ಬರಹದಲ್ಲಿ ‘ಪ್ರತಿಬಿಂಬ’ ಎಂದಿರುವುದುಂಟು, ನನಗದು ಒಪ್ಪಿಗೆಯಿಲ್ಲ. ಬಿಂಬ ಅಲುಗಿದರೆ ಪ್ರತಿಬಿಂಬವೂ ಅಲುಗಬೇಕು. ಮೂಲ ಯಂತ್ರ ನಾಳೆ ಬದಲಾದರೂ ಈ ಕಡತ ಬದಲಾಗದು. ಕಡತಕ್ಕೆ ‘ಅಚ್ಚು’, ಅದರಿಂದ ತಯಾರಾದ ಯಂತ್ರಕ್ಕೆ ‘ಪಡಿಯಚ್ಚು’ ಎಂದರೆ ಅರ್ಥ ಚೆನ್ನಾಗಿ ಕೂಡುತ್ತದೆ. ತೊಡಕೆಂದರೆ, ಪ್ರಿಂಟರ್ ಇರುವ ಲ್ಯಾಬಿನಲ್ಲಿ ‘ಅಚ್ಚು ಹಾಕಿ’ ಎಂದರೆ ಹುಡುಗರು ಹಾಳೆ ತರಲು ಹೋಗುತ್ತಾರೆ. ‘ಎರಕ ಹೊಯ್ಯಿ’ ಎನ್ನಬಹುದೇ?

ಹೆಚ್ಚು ಕಾಡುತ್ತಿರುವುದು ‘ಡ್ರಿಫ್ಟ್’, ಅಂದರೆ ಒಂದೇ ಥರ ಇದ್ದ ಯಂತ್ರಗಳು ಬರಬರುತ್ತಾ ಬೇರೆಬೇರೆಯಾಗುವುದು. ಜೂನ್‌ನಲ್ಲಿ ಎಲ್ಲಕ್ಕೂ ಒಂದೇ ಇಮೇಜ್ ಹಾಕಿರುತ್ತೇವೆ. ಆಮೇಲೆ ಅಪ್‌ಡೇಟ್ ಓಡಿದ ದಿನ ಒಂದು ಯಂತ್ರ ಆಫ್ ಆಗಿತ್ತು. ಇನ್ನೊಂದರಲ್ಲಿ ಯಾರೋ ಪ್ರಾಜೆಕ್ಟ್‌ಗೆಂದು ಪಿಪ್‌ನಿಂದ (ಪೈಥಾನಿಗೆ ಹೊಸ ಭಾಗ ಸೇರಿಸುವ ಸಾಧನ) ಏನನ್ನೋ ಹಾಕಿಕೊಂಡರು. ಮತ್ತೊಂದರ ಡಿಸ್ಕ್ ಕೆಟ್ಟು ಹಳೇ ಇಮೇಜೇ ಬಂತು. ಪ್ರಾಯೋಗಿಕ ಪರೀಕ್ಷೆಯ ದಿನ ಪೈಥಾನ್ ಭಾಷೆಯ ‘ಮ್ಯಾಚ್’ ಎಂಬ ಪದ ಬಳಸಿದ ಪ್ರೋಗ್ರಾಂ ಉಬುಂಟು (ಯಂತ್ರದ ಕಾರ್ಯಾಚರಣ ವ್ಯವಸ್ಥೆ) 22.04ರಲ್ಲಿ ಓಡುತ್ತದೆ, ಪಕ್ಕದ 20.04ರಲ್ಲಿ ಸಿಂಟ್ಯಾಕ್ಸ್ ಎರರ್. 22.04ರಲ್ಲಿ ಪೈಥಾನ್ 3.10, 20.04ರಲ್ಲಿ 3.8, ಮ್ಯಾಚ್ ಬಂದದ್ದೇ 3.10ರಲ್ಲಿ. ಆ ವಿದ್ಯಾರ್ಥಿಯದು ಏನೂ ತಪ್ಪಿಲ್ಲ, ಆದರೂ ಅಂಕ ಹೋಗುತ್ತದೆ. ಇದಕ್ಕೊಂದು ಹೆಸರಿಲ್ಲದಿದ್ದರೆ ‘ಆ ಸಿಸ್ಟಂ ಸರಿಯಿಲ್ಲ’ ಎಂದು ಬೇರೆ ಕುರ್ಚಿ ತೋರಿಸಿ ಸುಮ್ಮನಾಗಿಬಿಡುತ್ತೇವೆ.

‘ವಿಚಲನೆ’ ಎಂದರೆ ಸಂಖ್ಯಾಶಾಸ್ತ್ರದ ಅಳತೆ ನೆನಪಾಗುತ್ತದೆ. ‘ದಾರಿತಪ್ಪು’ ಎಂದರೆ ಯಾರೋ ತಪ್ಪು ಮಾಡಿದರೆಂಬ ದನಿ ಬರುತ್ತದೆ. ನನ್ನ ಒಲವು ‘ಶ್ರುತಿ ಇಳಿಯುವುದು’ ಎಂಬುದರ ಕಡೆಗೆ. ತಂಬೂರಿಯನ್ನು ಯಾರೂ ಕೆಡಿಸಬೇಕಿಲ್ಲ, ಸೇರಿಸಿಟ್ಟ ತಂತಿ ತಾನಾಗಿ ಇಳಿಯುತ್ತದೆ. ಮತ್ತೆ ಮತ್ತೆ ‘ಶ್ರುತಿ ಸೇರಿಸಬೇಕು’. ಪರಿಹಾರದ ಹೆಸರೂ ಜೊತೆಗೇ ಸಿಗುತ್ತದೆ. ಸಂಗೀತದ ಪರಿಚಯ ಇಲ್ಲದವರಿಗೂ ಇದು ತಟ್ಟನೆ ಹೊಳೆಯುತ್ತದೆಯೇ?

ಕೊನೆಯದು ಆ ಶ್ರುತಿ ಸೇರಿಸುವ ಕೆಲಸದ ಭಾಷೆ. ಓಸ್ಲೋ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಬರ್ಜೆಸ್ 1993ರಲ್ಲಿ ಸಿಎಫ್‌ಎಂಜಿನ್ ಎಂಬ ತಂತ್ರಾಂಶ ಬರೆಯತೊಡಗಿದ್ದು ಇಂಥದೇ ಯಂತ್ರಗಳನ್ನು ನೋಡಿಕೊಳ್ಳಲು. ಏನು ಮಾಡಬೇಕೆಂದು ಹಂತಹಂತವಾಗಿ ಹೇಳುವ ಬದಲು ಯಂತ್ರ ಹೇಗಿರಬೇಕೆಂದು ಬರೆದಿಡುವುದು ಅದರ ಬಗೆ. ಈಗಿನ ಆನ್ಸಿಬಲ್ ಎಂಬ ಇಂಥದೇ ತಂತ್ರಾಂಶದಲ್ಲೂ ಹೆಚ್ಚಾಗಿ ಹೀಗೆಯೇ ಬರೆಯುತ್ತೇವೆ. ಇದಕ್ಕೆ ‘ಅಪೇಕ್ಷಿತ ಸ್ಥಿತಿ’ ಎಂಬ ಭಾರದ ಮಾತು ಏಕೆ? ‘ಜಿಸಿಸಿ (ಸಿ ಭಾಷೆಯ ಕಂಪೈಲರ್) ಹಾಕು’ ಎಂದರೆ ಅದು ಕೆಲಸ. ‘ಜಿಸಿಸಿ ಇರಲಿ’ ಎಂದರೆ ಸ್ಥಿತಿ: ಇದ್ದರೆ ಮುಟ್ಟಬೇಡ, ಇಲ್ಲದಿದ್ದರೆ ತಂದಿಡು, ಹತ್ತು ಸಲ ಹೇಳಿದರೂ ಫಲ ಒಂದೇ. ನಮ್ಮ ‘ಇರಲಿ’, ‘ಬೇಡ’ ಈ ಕೆಲಸಕ್ಕೆಂದೇ ಹುಟ್ಟಿದಂತಿವೆ. ಕೈಪಿಡಿಯಲ್ಲಿ ‘ಇರಲಿ-ಪಟ್ಟಿ’ ಎಂದೇ ಬರೆದಿದ್ದೇನೆ. ಇದು ಸರಾಗವಾಗಿ ಓದಿಸಿಕೊಳ್ಳುತ್ತದೆಯೇ, ಎಡವುತ್ತದೆಯೇ ಹೇಳಿ.

ನೇಯ್ಗೆ, ಎರಕ, ಅಚ್ಚುಕೂಟಗಳಲ್ಲಿ ಪಳಗಿದವರು ಬಳಗದಲ್ಲಿದ್ದರೆ, ಒಂದೇ ಮಾದರಿಯ ಹಲವನ್ನು ಸರಿಸಮವಾಗಿ ಇಟ್ಟುಕೊಳ್ಳುವುದಕ್ಕೆ ಅಲ್ಲಿ ಏನನ್ನುತ್ತಾರೆಂದು ದಯವಿಟ್ಟು ಬರೆಯಿರಿ.