ಬಲೂನ್ ಇರಲಿ, ಮೊದಲು ಅಡಿನಾಯ್ಡ್ ವಿಷಯ ಕೇಳು

ತಂಗಿ, ನಿನ್ನೆ ರಾತ್ರಿ ನೀನು ಹಾಕಿದ ಮೆಸೇಜ್ ಈಗ ಕೂತು ಓದಿದೆ. ಕರೆಂಟೂ ಇರಲಿಲ್ಲ, ನೆಟ್‌ವರ್ಕೂ ಇರಲಿಲ್ಲ, ಕೊಡಗಿನ ಕಕ್ಕಡ ತಿಂಗಳ ಮಳೆ ಗೊತ್ತಲ್ಲ. ಪುಟ್ಟನಿಗೆ ಏಳು ವರ್ಷ, ನಾಲ್ಕು ತಿಂಗಳಿಂದ ಮೂಗು ಕಟ್ಟಿಕೊಂಡೇ ಇದೆ, ರಾತ್ರಿಯೆಲ್ಲ ಕೆಮ್ಮು. ಮೈಸೂರಿನ ಡಾಕ್ಟರ್ ಮೂಗಿನ ಸುತ್ತಲ ಮೂಳೆಯೊಳಗಿನ ಗಾಳಿಗೂಡು, ಅಂದರೆ ಸೈನಸ್‌ಗೆ ಬಲೂನ್ ಹಾಕೋಣ ಅಂದಿದ್ದಾರೆ, ಮಾಡಿಸಬಹುದಾ ಅಂತ ಕೇಳಿದ್ದೀಯ. ಅದರ ಕೆಳಗೆ ದೊಡ್ಡಮ್ಮ ಬೇಡವೇ ಬೇಡ ಅಂದಿದ್ದಾರೆ. ಭಾವ ಒಂದು ವೀಡಿಯೊ ಹಾಕಿದ್ದಾರೆ. ವಾಯ್ಸ್ ಕಳಿಸೋಣ ಅಂದುಕೊಂಡೆ, ಹೆಂಚಿನ ಮೇಲೆ ಬೀಳುವ ಮಳೆ ಸದ್ದಲ್ಲಿ ನಿನಗೆ ಏನೂ ಕೇಳಿಸುವುದಿಲ್ಲ. ಅದಕ್ಕೇ ಮಾತಾಡಿದ ಹಾಗೇ ಟೈಪ್ ಮಾಡುತ್ತಿದ್ದೇನೆ.

ನನ್ನ ಮಗನಿಗೂ ಇದೇ ಆಗಿತ್ತಲ್ವಾ. ಆಗ ನಾನು ಮಾಡಿದ ಎಡವಟ್ಟು ಮೊದಲು ಹೇಳಿಬಿಡುತ್ತೇನೆ. ಜೋರು ನೆಗಡಿ ಇದ್ದ ದಿನವೇ ಒಂದು ಕಡೆ ಸಿ.ಟಿ. ಸ್ಕ್ಯಾನ್ ಮಾಡಿಸಿದರು. ಫಿಲ್ಮ್ ತುಂಬಾ ಬೆಳ್ಳಗೆ, ಅಂದರೆ ಸೈನಸ್ ಕಟ್ಟಿಕೊಂಡ ಹಾಗೆ. ಮುಂದಿನ ವಾರವೇ ಆಪರೇಷನ್ ಅಂದರು. ಹೆದರಿ ಇನ್ನೊಬ್ಬ ಇ.ಎನ್.ಟಿ. ಡಾಕ್ಟರ್ ಹತ್ತಿರ ಓಡಿದೆವು. ಅವರು ನಕ್ಕರು. ಸುಮ್ನೆ ನೆಗಡಿ ಆದ ಮಗುವಿನ ಸ್ಕ್ಯಾನ್ ಕೂಡ ಹೀಗೇ ಕಾಣುತ್ತದಂತೆ. ಮೊದಲು ಔಷಧಿ ಸರಿಯಾಗಿ ಕೊಟ್ಟು ನೋಡಬೇಕು, ಆಪರೇಷನ್ ಮಾಡುವುದೇ ಅಂತ ಆದಮೇಲೆ ಸ್ಕ್ಯಾನ್. ನಮ್ಮದು ಸುಮ್ನೆ ಒಂದು ಸಲದ ರೇಡಿಯೇಷನ್ ದಂಡ.

ಎರಡನೆಯದು ಮೂಗಿಗೆ ಹೊಡೆಯುವ ಔಷಧಿ ಸ್ಪ್ರೇ. ಮೂರು ತಿಂಗಳು ಹೊಡೆದೆ, ಏನೂ ಆಗಲಿಲ್ಲ, ಮೇಲೆ ಮೂಗಿಂದ ರಕ್ತ ಬೇರೆ. ಡಾಕ್ಟರ್ ಅವರ ಮುಂದೆಯೇ ಹೊಡೆದು ತೋರಿಸಿ ಅಂದರು. ನಾನು ನಳಿಕೆಯನ್ನು ಮೂಗಿನ ನಡುಗೋಡೆಗೆ ಹಿಡಿಯುತ್ತಿದ್ದೆ. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ, ತುದಿ ಹೊರಗೆ, ಅದೇ ಕಡೆಯ ಕಣ್ಣಿನ ಹೊರಮೂಲೆ ಕಡೆಗೆ. ತಲೆ ಸ್ವಲ್ಪ ಮುಂದಕ್ಕೆ ಬಾಗಿರಬೇಕು. ಸ್ಪ್ರೇಗೆ ಮೊದಲು ಉಪ್ಪುನೀರಲ್ಲಿ ಮೂಗು ತೊಳೆಯಬೇಕು, ಆ ನೀರನ್ನು ಕುದಿಸಿ ಆರಿಸಿರಬೇಕು, ಬಾವಿ ನೀರು ಹಾಗೇ ಹಾಕಬೇಡ. ಮೊದಲ ಮೂರು ದಿನ ಅಳುತ್ತಾನೆ, ನಾಲ್ಕನೇ ದಿನ ತಾನೇ ಬಂದು ನಿಲ್ಲುತ್ತಾನೆ.

ಮಕ್ಕಳಿಗೆ ವರ್ಷಕ್ಕೆ 6ರಿಂದ 8 ಸಲ ನೆಗಡಿ ಆಗುವುದು ಮಾಮೂಲು. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಹಿಡಿದರೆ ತಿಂಗಳುಗಟ್ಟಲೆ ಬಿಟ್ಟೇ ಇಲ್ಲ ಅನಿಸುತ್ತದೆ. ನಡುವೆ ಒಂದು ವಾರವಾದರೂ ಮೂಗು ಪೂರ್ತಿ ತೆರೆದಿತ್ತಾ, ನೆನಪು ಮಾಡಿಕೋ. 12 ವಾರ ಬಿಡದೆ ಇದ್ದರೆ ಮಾತ್ರ ಅದನ್ನು ಹಳೇ ಸೈನಸ್ ಕಾಯಿಲೆ ಅಂತ ನೋಡುತ್ತಾರೆ.

ಈಗ ಮುಖ್ಯ ವಿಷಯ. ಪುಟ್ಟ ಬಾಯಿ ತೆರೆದು ಮಲಗುತ್ತಾನಾ? ಗೊರಕೆ ಇದೆಯಾ? ಹಾಗಿದ್ದರೆ ಅಡಿನಾಯ್ಡ್ ನೋಡಿದ್ದಾರಾ ಅಂತ ಕೇಳು. ಮೂಗಿನ ಹಿಂದೆ, ಅಂಗುಳದ ಮೇಲ್ಗಡೆ ಇರುವ ಮೆತ್ತನೆಯ ಮಾಂಸದ ಮುದ್ದೆ ಅದು. ಟಾನ್ಸಿಲ್ ತರಹ ಬಾಯಿ ತೆರೆದರೆ ಕಾಣುವುದಿಲ್ಲ. ಸುಮಾರು 3ರಿಂದ 7 ವರ್ಷದಲ್ಲಿ ದೊಡ್ಡದಾಗಿರುತ್ತದೆ, ಆಮೇಲೆ ತಾನೇ ಕುಗ್ಗುತ್ತದೆ. ತೋಟದ ಮೋರಿ ಬಾಯಿಗೆ ಸಿಲ್ವರ್ ಓಕ್ ಮರದ ಎಲೆ ಕಟ್ಟಿಕೊಂಡರೆ ಹಿಂದೆ ನೀರು ನಿಂತು ನಾರುತ್ತದಲ್ಲ, ಹಾಗೆ. ಅದರ ಮೇಲೆ ಕ್ರಿಮಿಗಳು ಪದರ ಕಟ್ಟಿಕೊಂಡಿರುತ್ತವೆ, ಆಂಟಿಬಯಾಟಿಕ್ ಕೊಟ್ಟರೂ ಅಲ್ಲಿಂದ ಮತ್ತೆ ಬರುತ್ತವೆ. ಚಿಕ್ಕ ಮಕ್ಕಳಿಗೆ ಔಷಧಿಯಲ್ಲಿ ಹೋಗದಿದ್ದರೆ ಮೊದಲು ತೆಗೆಯುವುದು ಇದನ್ನೇ. ಬಾಯಿಯಿಂದಲೇ ತೆಗೆಯುತ್ತಾರೆ, ಹೊರಗೆ ಗಾಯ ಇಲ್ಲ. ನನ್ನ ಮಗನಿಗೆ ಅದು ತೆಗೆದು, ಸೈನಸ್ ತೊಳೆದರು, ಅಷ್ಟೇ. ಒಂದು ವಾರ ಬಾಯಿ ವಾಸನೆ, ಸ್ವಲ್ಪ ಗಂಟಲು ನೋವು. ಐಸ್‌ಕ್ರೀಮ್‌ಗೆ ಅಡ್ಡಿ ಇಲ್ಲ ಅಂದಿದ್ದೇ ತಡ, ಅವನ ಖುಷಿ ನೋಡಬೇಕಿತ್ತು.

ಬಲೂನ್ ಅಂದರೆ ಕತ್ತರಿಸುವುದಲ್ಲ. ಮೂಗಿನ ಹೊಳ್ಳೆಯಿಂದ ತೆಳ್ಳಗಿನ ನಳಿಕೆ ತೂರಿಸಿ, ಸೈನಸ್ ಬಾಯಲ್ಲಿ ಬಲೂನನ್ನು ಕೆಲವು ಸೆಕೆಂಡ್ ಊದುತ್ತಾರೆ. ದಾರಿ ಅಗಲ ಆಗುತ್ತದೆ, ಬಲೂನ್ ತೆಗೆದು ಒಳಗೆ ತೊಳೆಯುತ್ತಾರೆ. ಮಕ್ಕಳಲ್ಲಿ ಹೆಚ್ಚಾಗಿ ಕೆನ್ನೆ ಸೈನಸ್‌ಗೆ ಮಾಡುತ್ತಾರೆ. ಕಣ್ಣುಗಳ ನಡುವಿನ ಸೈನಸ್ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಗೂಡು, ಅದಕ್ಕೆ ಬಲೂನ್ ಆಗದು, ಮೂಗಿನೊಳಗೆ ಕ್ಯಾಮರಾ ನಳಿಕೆ ಬಿಟ್ಟು ಮಾಡುವ ಎಂಡೋಸ್ಕೋಪ್ ಆಪರೇಷನ್ನೇ ಬೇಕು. ಇನ್ನು ಹಣೆ ಸೈನಸ್ ಏಳು ವರ್ಷದ ಮಗುವಿಗೆ ಇನ್ನೂ ಸರಿಯಾಗಿ ಬೆಳೆದೇ ಇರುವುದಿಲ್ಲ. ಯಾವ ಸೈನಸ್‌ಗೆ ಮಾಡುತ್ತೀರಿ ಅಂತ ಕೇಳಿದರೆ ಅರ್ಧ ವಿಷಯ ಅಲ್ಲೇ ಗೊತ್ತಾಗುತ್ತದೆ.

ಭಾವ, ನೀವು ಹಾಕಿದ ವೀಡಿಯೊದಲ್ಲಿ ರೋಗಿ ಕುರ್ಚಿಯಲ್ಲಿ ಕೂತು ಮಾತಾಡುತ್ತಿದ್ದಾರೆ, ಅದು ದೊಡ್ಡವರಿಗೆ ಮರಗಟ್ಟಿಸಿ ಮಾಡುವುದು. ಮಗುವಿಗಾದರೆ ಪೂರ್ತಿ ಅನಸ್ತೇಶಿಯಾ ಬೇಕು, ಮಲಗಿಸಲೇಬೇಕು.

ದೊಡ್ಡಮ್ಮ, ತುಟಿ ಎತ್ತಿ ಕೆನ್ನೆ ಮೂಳೆ ಕೊರೆದು ಮಾಡುತ್ತಿದ್ದರು ಅಂದಿರಲ್ಲ, ಅದು ನಿಜ, ಹಳೇ ಕ್ರಮ. ಮಕ್ಕಳಿಗೆ ಈಗ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ, ಅಲ್ಲೇ ಹೊಸ ಹಲ್ಲಿನ ಮೊಳಕೆ ಇರುತ್ತದೆ. ಬಿಸಿನೀರ ಪಾತ್ರೆ ಮುಂದಿಟ್ಟು ಕಂಬಳಿ ಹೊದೆಸಿ ಹಬೆ ಮಾತ್ರ ಬೇಡಿ. ಮಗು ಒಂದು ಸಲ ಕಾಲು ಝಾಡಿಸಿದರೆ ತೊಡೆಯೆಲ್ಲ ಸುಟ್ಟುಹೋಗುತ್ತದೆ.

ಮನೆ ವಿಷಯ ಒಂದೇ. ಅವನು ಮಲಗುವ ಕೋಣೆಯ ಕಪಾಟು ಹಿಂದಕ್ಕೆ ಸರಿಸಿ ಗೋಡೆ ನೋಡು. ನಮ್ಮಲ್ಲಿ ಕಪ್ಪಗೆ ಅಂಗೈಯಷ್ಟಗಲ ಬೂಷ್ಟು ಇತ್ತು. ಅಲರ್ಜಿ ಇದೆಯಾ ಅಂತ ಡಾಕ್ಟರ್ ಹತ್ತಿರ ಕೇಳುವಾಗ ಇದನ್ನೂ ಹೇಳು. ಬಚ್ಚಲ ಒಲೆ ಹೊಗೆ ಅವನಿರುವ ಕಡೆ ಬರದ ಹಾಗೆ ನೋಡಿಕೋ.

ಕಣ್ಣ ಸುತ್ತ ಊತ, ಎರಡೆರಡು ಕಾಣುವುದು, ಜೋರು ತಲೆನೋವಿನ ಜೊತೆ ವಾಂತಿ, ಇದರಲ್ಲಿ ಯಾವುದು ಬಂದರೂ ಬೆಳಗಾಗಲಿ ಅಂತ ಕಾಯಬೇಡ. ರಾತ್ರಿಯೇ ಮಡಿಕೇರಿಯ ದೊಡ್ಡಾಸ್ಪತ್ರೆಗೆ ಹೊರಡು. ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಬಂದರೆ ಒಳಗೆ ಏನಾದರೂ ತುರುಕಿಕೊಂಡಿದ್ದಾನಾ ನೋಡಿಸು, ಕಾಫಿ ಬೀಜದ ಹತ್ತಿರ ಆಡುವ ಹುಡುಗ ಅವನು.

ಪುಟ್ಟನಿಗೆ ಸ್ಕ್ಯಾನ್ ಆಗಿದ್ದರೆ ಅದರ ಫಿಲ್ಮ್ ಫೋಟೊ ಗ್ರೂಪಿಗೆ ಹಾಕಬೇಡ, ನನಗೊಬ್ಬಳಿಗೆ ಕಳಿಸು. ಭಾನುವಾರ ಗೋಣಿಕೊಪ್ಪಕ್ಕೆ ಬರುವವಳಿದ್ದೇನೆ. ಸ್ಪ್ರೇ ಬಾಟಲಿ ತೆಗೆದಿಟ್ಟಿರು, ನೀನು ಹೇಗೆ ಹಿಡಿಯುತ್ತೀಯ ಅಂತ ಒಂದು ಸಲ ನೋಡಬೇಕು.