ಸಹಾಯ ಬೇಕು: ಕಿಲಿಮಂಜಾರೋ ಏರಿದವರ ಅನುಭವ ತಿಳಿಸಿ

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ನಾವು ಐವರು ಗೆಳೆಯರು ಬರುವ ಜನವರಿಯಲ್ಲಿ ತಾಂಜಾನಿಯಾದ ಕಿಲಿಮಂಜಾರೋ ಪರ್ವತವನ್ನು ಮಚಾಮೆ ಮಾರ್ಗವಾಗಿ ಏರಲು ನಿಶ್ಚಯಿಸಿದ್ದು, ಆರು ದಿನ ಸಾಕೇ, ಏಳು ದಿನ ಬೇಕೇ ಎಂಬುದನ್ನು ಈ ತಿಂಗಳೊಳಗೆ ತೀರ್ಮಾನಿಸಬೇಕಾಗಿದೆ. ಪ್ರತಿ ಭಾನುವಾರ ಎಂಟು ಕಿಲೋ ಚೀಲ ಹೊತ್ತು ಸರ್ಪಧಾರಿಯಿಂದ ಮುಳ್ಳಯ್ಯನಗಿರಿ ಹತ್ತುತ್ತಿರುವುದರಿಂದ ಕಾಲುಗಳೇನೋ ಪಳಗಿವೆ. ಆದರೆ ನಮ್ಮ ಗಿರಿಯ ಎತ್ತರ 1,930 ಮೀಟರ್, ಅಲ್ಲಿಯದು 5,895 ಮೀಟರ್. ಆ ತುದಿಯಲ್ಲಿ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಸುಮಾರು ಅರ್ಧದಷ್ಟು ಮಾತ್ರ.

ನನ್ನ ಆತಂಕಕ್ಕೆ ಕಾರಣವಿದೆ. ಹಿಂದೊಮ್ಮೆ ಉತ್ತರಾಖಂಡದ ಕೇದಾರಕಂಠ ಚಾರಣದಲ್ಲಿ ನಮ್ಮೊಳಗೇ ಅತ್ಯಂತ ಗಟ್ಟಿಗನಾದ ಗೆಳೆಯ ತಲೆನೋವನ್ನು ಯಾರಿಗೂ ಹೇಳದೆ ನಡೆದು, ರಾತ್ರಿ ಡೇರೆಯಲ್ಲಿ ವಾಂತಿ ಮಾಡಿಕೊಂಡು, ಬೂಟಿನ ದಾರ ಕಟ್ಟಲೂ ಕೈ ಬಾರದೆ ಕುಳಿತುಬಿಟ್ಟಿದ್ದ. ಅವನನ್ನು ಕೆಳಗಿಳಿಸಿದ ಮೇಲೆಯೇ ಚೇತರಿಸಿಕೊಂಡ.

ಮಚಾಮೆ ಮಾರ್ಗದಲ್ಲಿ ಸಿಗುವ ಬಂಡೆಗೋಪುರವಾದ ಲಾವಾ ಟವರ್‌ನ 4,600 ಮೀಟರ್ ಎತ್ತರ ಮುಟ್ಟಿ, ಅದೇ ಸಂಜೆ ಬರಾಂಕೋ ಶಿಬಿರಕ್ಕೆ ಇಳಿದು ಮಲಗುವುದರಿಂದ ದೇಹ ಒಗ್ಗಿಕೊಳ್ಳುತ್ತದೆ ಎನ್ನುತ್ತಾರೆ. ಹೋಗಿಬಂದವರಿಗೆ ಏಳು ದಿನದ ಯೋಜನೆಯಲ್ಲಿ ಸಿಗುವ ಒಂದು ಹೆಚ್ಚುವರಿ ದಿನ ನಿಜವಾಗಿ ನೆರವಾಯಿತೇ? ಎತ್ತರಕ್ಕೆ ದೇಹ ಒಗ್ಗದೆ ಬರುವ ಕಾಯಿಲೆಯನ್ನು ತಡೆಯಲು ವೈದ್ಯರ ಸಲಹೆಯಂತೆ ಡಯಮಾಕ್ಸ್ ಮಾತ್ರೆ ತೆಗೆದುಕೊಂಡವರಿಗೆ ಏನನ್ನಿಸಿತು? ಮುಖ್ಯವಾಗಿ, ಒಬ್ಬರಿಗೆ ಆಗದಿದ್ದಾಗ ಅವರೊಡನೆ ಯಾರು ಹಿಂದಿರುಗಬೇಕೆಂದು ನಿಮ್ಮ ತಂಡದಲ್ಲಿ ಮೊದಲೇ ಮಾತಾಡಿಕೊಂಡಿದ್ದಿರಾ? ದಯವಿಟ್ಟು ವಿವರವಾಗಿ ತಿಳಿಸಿ.